ನುಡಿಯನ್ನು ಉಳಿಸಿಕೊಂಡ ಜನ

ಒಂದು ಜನಾಂಗವು ತಾನು ಇಂಥದೆಂದು ತನ್ನನ್ನು ಗುರುತಿಸಿಕೊಳ್ಳುವುದು ಯಾವುದರಿಂದ? ರಕ್ತದಿಂದಲೋ, ನೆಲದಿಂದಲೋ, ಅರಸುಮನೆತನದಿಂದಲೋ, ನುಡಿಯಿಂದಲೋ? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ ಇಂಗ್ಲಿಷ್ ಜನರ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ. ಇಂಗ್ಲಿಷರೆಂದರೆ ಬಹುದೊಡ್ಡ ಸಾಮ್ರಾಜ್ಯವನ್ನು ಆಳಿದವರೆಂದು ನಾವು ಬಲ್ಲೆವು. ಆದರೆ ಅವರೂ ಒಮ್ಮೆ ತಮ್ಮ ನಾಡಿನಲ್ಲಿಯೇ ಪರರ ಆಳ್ವಿಕೆಗೆ ಒಳಗಾಗಿದ್ದರು. ಇಂದು ಲೋಕವೆಲ್ಲ ಕಲಿಯಲು ಹಂಬಲಿಸುವ ಅವರ ಭಾಷೆಗೆ ಅವರದೇ ನ್ಯಾಯಸ್ಥಾನಗಳಲ್ಲಿ ಮನ್ನಣೆ ಇರಲಿಲ್ಲ ಎಂಬುದು ಅನೇಕರಿಗೆ ತಿಳಿಯದು.

ಮೊದಲು ಹೆಸರಿನ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬ್ರಿಟಿಷರು ಎಂದರೂ ಇಂಗ್ಲಿಷರು ಎಂದರೂ ಒಂದೇ ಎಂದು ನಾವು ಭಾವಿಸುವುದುಂಟು. ಅದು ಸರಿಯಲ್ಲ. ಬ್ರಿಟನ್ ದ್ವೀಪದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಎಂಬ ಮೂರು ನಾಡುಗಳಿವೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳು ಒಂದೇ ರಾಜ್ಯವಾದುದು 1707ರಲ್ಲಿ. ಸ್ಕಾಟ್ಲೆಂಡಿನವನನ್ನು ಇಂಗ್ಲಿಷಿನವನೆಂದು ಕರೆದರೆ ಅವನು ಒಪ್ಪುವುದಿಲ್ಲ.

ಇಂಗ್ಲಿಷರ ಪೂರ್ವಿಕರು ಆ ದ್ವೀಪದ ಮೂಲನಿವಾಸಿಗಳಲ್ಲ. ಅಲ್ಲಿ ಹಿಂದಿನಿಂದ ನೆಲೆಸಿದ್ದ ಬ್ರಿಟನ್ನರನ್ನು ಕ್ರಿ.ಶ. 43ರಿಂದ ಸುಮಾರು 410ರವರೆಗೆ ರೋಮನರು ಆಳಿದರು. ರೋಮನರ ಸೈನ್ಯ ಹಿಂದಿರುಗಿದ ಮೇಲೆ, ಇಂದಿನ ಜರ್ಮನಿ ಮತ್ತು ಡೆನ್ಮಾರ್ಕಿನ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಪಂಗಡಗಳು ಹಡಗುಗಳಲ್ಲಿ ಬಂದು ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ನೆಲೆನಿಂತವು. ಆಂಗಲರ ನಾಡೇ ಇಂಗ್ಲೆಂಡ್ ಆಯಿತು. ವಿನೋದವೆಂದರೆ, ಹೊರಗಿನಿಂದ ಬಂದ ಈ ಜನ ಅಲ್ಲಿಯ ಹಳಬರನ್ನೇ ‘ಪರಕೀಯರು’ ಎಂಬ ಅರ್ಥದ ಹೆಸರಿನಿಂದ ಕರೆದರು. ‘ವೆಲ್ಷ್’ ಎಂಬ ಮಾತು ಹುಟ್ಟಿದುದು ಆ ಹೆಸರಿನಿಂದಲೇ.

ಹೀಗೆ ಬಂದವರು ಬಹುಕಾಲ ಹಲವು ಸಣ್ಣ ರಾಜ್ಯಗಳಾಗಿ ಹಂಚಿಹೋಗಿ ತಮ್ಮತಮ್ಮಲ್ಲೇ ಹೋರಾಡುತ್ತಿದ್ದರು. ಅವರೆಲ್ಲರೂ ಒಂದೇ ಜನವೆಂಬ ಭಾವನೆಯನ್ನು ಬೆಳೆಸಿದವರಲ್ಲಿ ಬೀಡ್ ಎಂಬ ಸನ್ಯಾಸಿ ಮುಖ್ಯನಾದವನು. ಆತನು 731ರಲ್ಲಿ ಆಂಗ್ಲ ಜನರ ಧಾರ್ಮಿಕ ಚರಿತ್ರೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು ಮುಗಿಸಿದನು. ಮುಂದೆ ವೈಕಿಂಗರ ದಾಳಿಗಳು ನಾಡನ್ನು ನಡುಗಿಸಿದವು. ವೆಸೆಕ್ಸಿನ ದೊರೆ ಆಲ್‌ಫ್ರೆಡ್ 878ರಲ್ಲಿ ಅವರನ್ನು ಸೋಲಿಸಿ ತನ್ನ ರಾಜ್ಯವನ್ನು ಉಳಿಸಿಕೊಂಡನು. ಆದರೆ ಯುದ್ಧದಲ್ಲಿ ಗೆದ್ದುದಷ್ಟೇ ಆತನ ಹಿರಿಮೆಯಲ್ಲ. ವಿದ್ಯೆ ಕ್ಷೀಣಿಸಿದುದನ್ನು ಕಂಡು ಮರುಗಿದ ಆತನು, ಎಲ್ಲರೂ ತಿಳಿಯಬೇಕಾದ ಲ್ಯಾಟಿನ್ ಗ್ರಂಥಗಳನ್ನು ಇಂಗ್ಲಿಷಿಗೆ ತರಲು ಏರ್ಪಾಡು ಮಾಡಿದನು. ಸೋಲಿಸಿದ ವೈಕಿಂಗರಿಂದಲೂ ಇಂಗ್ಲಿಷು ಪದಗಳನ್ನು ಪಡೆಯಿತು. ‘ವಿಂಡೋ’, ‘ಸ್ಕೈ’, ‘ಲಾ’ ಮುಂತಾದವು ಅವರ ಭಾಷೆಯಿಂದ ಬಂದವು.

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಯುದ್ಧದಲ್ಲಿ ಇಂಗ್ಲಿಷರ ದೊರೆ ಹೆರಾಲ್ಡ್ ಮಡಿದನು. ಫ್ರಾನ್ಸಿನ ಉತ್ತರ ಭಾಗದ ನಾರ್ಮಂಡಿಯಿಂದ ಬಂದ ವಿಲಿಯಮ್ ಸಿಂಹಾಸನವನ್ನೇರಿದನು. ಇಪ್ಪತ್ತು ವರ್ಷಗಳ ತರುವಾಯ ನಾಡಿನ ಭೂಮಿಯನ್ನೆಲ್ಲ ಲೆಕ್ಕಹಾಕಿಸಿದಾಗ, ದೊಡ್ಡ ಭೂಒಡೆಯರಲ್ಲಿ ಇಂಗ್ಲಿಷರ ಹೆಸರುಗಳು ಬೆರಳೆಣಿಕೆಯಷ್ಟೇ ಇದ್ದವು. ಅರಮನೆಯ ಮಾತು ಫ್ರೆಂಚ್, ಧರ್ಮದ ಮತ್ತು ದಫ್ತರದ ಮಾತು ಲ್ಯಾಟಿನ್. ಇಂಗ್ಲಿಷು ಉಳುವವರ, ಕುರಿ ಕಾಯುವವರ, ಅಡುಗೆ ಮಾಡುವವರ ಮಾತಾಗಿ ಉಳಿಯಿತು. ಆ ಭೇದದ ಗುರುತು ಇಂದಿನ ಇಂಗ್ಲಿಷಿನಲ್ಲಿಯೂ ಕಾಣುತ್ತದೆ. ಹಟ್ಟಿಯಲ್ಲಿರುವ ಕುರಿ ‘ಷೀಪ್’. ಅದೇ ಊಟದ ತಟ್ಟೆಗೆ ಬಂದಾಗ ‘ಮಟನ್’. ಮೊದಲನೆಯದು ಸಾಕಿದವನ ಇಂಗ್ಲಿಷು, ಎರಡನೆಯದು ಉಂಡವನ ಫ್ರೆಂಚು.

ಆದರೂ ಇಂಗ್ಲಿಷು ಅಳಿಯಲಿಲ್ಲ. ಆಳುವವರು ಕೆಲವೇ ಸಾವಿರ ಜನ. ಹೊಲದಲ್ಲಿ, ಸಂತೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಇಂಗ್ಲಿಷನ್ನಾಡುತ್ತಿದ್ದವರು ಲಕ್ಷಾಂತರ ಮಂದಿ. 1204ರಲ್ಲಿ ನಾರ್ಮಂಡಿ ಕೈತಪ್ಪಿದ ಮೇಲೆ ಒಡೆಯರಿಗೂ ಇಂಗ್ಲೆಂಡೇ ಮನೆಯಾಯಿತು. 1348ರಲ್ಲಿ ಬಂದ ಮಹಾಮಾರಿಯಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸತ್ತರು; ದುಡಿಯುವ ಕೈಗಳಿಗೆ ಬೆಲೆ ಬಂದಿತು; ಅವರ ಮಾತಿಗೂ ಬೆಲೆ ಬಂದಿತು. 1362ರಲ್ಲಿ ನ್ಯಾಯಸ್ಥಾನಗಳಲ್ಲಿ ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನವಾಯಿತು. ಫ್ರೆಂಚ್ ಭಾಷೆ ಜನರಿಗೆ ಅರ್ಥವಾಗುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಆದರೆ ಆ ಶಾಸನವನ್ನು ಬರೆದುದು ಫ್ರೆಂಚಿನಲ್ಲಿಯೇ! ಹಳೆಯ ರೂಢಿ ಒಂದೇ ದಿನದಲ್ಲಿ ಅಳಿಯುವುದಿಲ್ಲ. ನ್ಯಾಯಸ್ಥಾನದ ದಾಖಲೆಗಳು ಲ್ಯಾಟಿನ್ನನ್ನು ಬಿಟ್ಟು ಇಂಗ್ಲಿಷಿಗೆ ಬರಲು 1733ರವರೆಗೆ ಕಾಯಬೇಕಾಯಿತು.

ಶಾಲೆಗಳಲ್ಲಿಯೂ ಬದಲಾವಣೆ ಆಯಿತು. ಟ್ರೆವೀಸಾ ಎಂಬ ಪಾದ್ರಿ 1385ರಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಪಾಠವು ಇಂಗ್ಲಿಷಿನಲ್ಲಿ ನಡೆಯತೊಡಗಿದುದರಿಂದ ಮಕ್ಕಳು ವ್ಯಾಕರಣವನ್ನು ಮೊದಲಿಗಿಂತ ಬೇಗ ಕಲಿಯುತ್ತಿದ್ದಾರೆ ಎಂಬುದನ್ನು ಲಾಭವೆಂದೂ, ಫ್ರೆಂಚನ್ನು ಮಾತ್ರ ಮರೆತಿದ್ದಾರೆ, ಪರದೇಶಕ್ಕೆ ಹೋದಾಗ ಇದರಿಂದ ತೊಂದರೆಯಾಗುತ್ತದೆ ಎಂಬುದನ್ನು ನಷ್ಟವೆಂದೂ ಅವನು ಎಣಿಸಿದನು.

ಮುಂದೆ ಮುದ್ರಣಯಂತ್ರ ಬಂದಿತು. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಕ್ಯಾಕ್ಸ್‌ಟನ್ ಒಂದು ಸ್ವಾರಸ್ಯದ ಪ್ರಸಂಗವನ್ನು ಹೇಳುತ್ತಾನೆ. ಥೇಮ್ಸ್ ನದಿಯಲ್ಲಿ ಹಡಗು ಮುಂದೆ ಸಾಗದೆ ನಿಂತಾಗ ವರ್ತಕನೊಬ್ಬನು ದಡಕ್ಕಿಳಿದು, ಒಬ್ಬ ಹೆಂಗಸಿನ ಬಳಿ ‘ಎಗ್ಸ್’, ಎಂದರೆ ಮೊಟ್ಟೆಗಳನ್ನು, ಕೇಳಿದನು. ಆಕೆ ತನಗೆ ಫ್ರೆಂಚ್ ಬಾರದೆಂದಳು. ತನಗೂ ಫ್ರೆಂಚ್ ಬಾರದಲ್ಲ ಎಂದು ಅವನಿಗೆ ಸಿಟ್ಟು ಬಂದಿತು. ಬೇರೊಬ್ಬನು ‘ಐರನ್’ ಬೇಕು ಎಂದಾಗ ಆಕೆಗೆ ಅರ್ಥವಾಯಿತು. ಮೊಟ್ಟೆಗೆ ಆ ಸೀಮೆಯಲ್ಲಿದ್ದ ಮಾತು ಅದು. ಇಷ್ಟು ಹರಿದು ಹಂಚಿಹೋಗಿದ್ದ ನುಡಿಗೆ ಅಚ್ಚಿನ ಪುಸ್ತಕಗಳು ಕ್ರಮೇಣ ಒಂದು ಸಮಾನ ರೂಪವನ್ನು ಕೊಟ್ಟವು. ಹೊಲ ಉಳುವ ಹುಡುಗನಿಗೂ ಧರ್ಮಗ್ರಂಥ ತಿಳಿಯಬೇಕೆಂದು ಟಿಂಡೇಲ್ ಎಂಬ ವಿದ್ವಾಂಸನು ಬೈಬಲಿನ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದು 1526ರಲ್ಲಿ ಅಚ್ಚು ಮಾಡಿಸಿದನು. ಹತ್ತು ವರ್ಷಗಳ ಅನಂತರ, ಮತದ್ರೋಹದ ಆರೋಪಕ್ಕೆ ಗುರಿಯಾಗಿ, ಪ್ರಾಣವನ್ನೇ ತೆತ್ತನು. ಆತನು ಹದಗೊಳಿಸಿದ ನುಡಿಯ ಬಹುಭಾಗ 1611ರ ಬೈಬಲಿನಲ್ಲಿ ಉಳಿದುಕೊಂಡಿದೆ.

ಇಂಗ್ಲಿಷರು ತಮ್ಮವೆಂದು ಹೇಳಿಕೊಳ್ಳುವ ಸಂಗತಿಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು. ಅವರ ಕುಲರಕ್ಷಕನಾದ ಸಂತ ಜಾರ್ಜನು ಇಂಗ್ಲೆಂಡಿನವನಲ್ಲ. ಅವರು ಮೆಚ್ಚಿ ಕುಡಿಯುವ ಚಹ ಚೀನಾದ್ದು. ಅವರ ಸಿಂಹಾಸನದ ಮೇಲೆ ವೇಲ್ಸ್ ಮೂಲದ ಟ್ಯೂಡರರೂ, 1603ರಲ್ಲಿ ಸ್ಕಾಟ್ಲೆಂಡಿನ ಸ್ಟೂವರ್ಟರೂ, 1714ರಲ್ಲಿ ಜರ್ಮನಿಯ ಹ್ಯಾನೋವರಿನವರೂ ಕುಳಿತರು. ಇಷ್ಟೆಲ್ಲ ಬೆರಕೆಯ ನಡುವೆಯೂ ಅವರನ್ನು ಒಂದು ಜನವಾಗಿ ಹಿಡಿದಿಟ್ಟ ಸೂತ್ರಗಳಲ್ಲಿ ಅವರ ಪಾರ್ಲಿಮೆಂಟು, ಅವರ ನ್ಯಾಯಪದ್ಧತಿ ಮುಖ್ಯವಾದವು. ಎಲ್ಲಕ್ಕಿಂತ ಮಿಗಿಲಾದುದು ಅವರ ನುಡಿ.

ಆದರೆ ನೊಂದವರು ಮತ್ತೊಬ್ಬರ ನೋವನ್ನು ಅರಿಯುತ್ತಾರೆಂಬ ನಿಯಮವಿಲ್ಲ. ತಮ್ಮ ನುಡಿಗೆ ನ್ಯಾಯಸ್ಥಾನದಲ್ಲಿ ಎಡೆ ಕೇಳಿದ ಇಂಗ್ಲಿಷರೇ, 1536ರಲ್ಲಿ ವೇಲ್ಸಿನ ನ್ಯಾಯಸ್ಥಾನಗಳಲ್ಲಿ ಇಂಗ್ಲಿಷಿಗಷ್ಟೇ ಸ್ಥಾನವೆಂದು ವಿಧಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ ತಾಯ್ನುಡಿಯನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ಕಟ್ಟಿ ಅವಮಾನಿಸುತ್ತಿದ್ದರು. ಆ ನುಡಿಗೆ ಅಧಿಕೃತ ಸ್ಥಾನ ದೊರೆತುದು 2011ರಲ್ಲಿ.

ಭಾರತದ ವಿಷಯದಲ್ಲಿಯೂ 1835ರಲ್ಲಿ ಮೆಕಾಲೆ ಇಂಗ್ಲಿಷ್ ಶಿಕ್ಷಣದ ಪರವಾಗಿ ವಾದಿಸಿದನು. ಇಂಗ್ಲಿಷರ ಪೂರ್ವಿಕರಿಗೆ ಗ್ರೀಕ್ ಮತ್ತು ಲ್ಯಾಟಿನ್ ಹೇಗೋ, ಭಾರತೀಯರಿಗೆ ಇಂಗ್ಲಿಷು ಹಾಗೆ ಎಂಬುದು ಅವನ ತರ್ಕ. ಆದರೆ ಆ ಪೂರ್ವಿಕರು ಗ್ರೀಕ್, ಲ್ಯಾಟಿನ್‌ಗಳಿಂದ ಪಡೆದ ಜ್ಞಾನವನ್ನು ತಮ್ಮ ನುಡಿಗೆ ತುಂಬಿಕೊಂಡರು. ತಮ್ಮ ನುಡಿಯನ್ನು ಬಿಡಲಿಲ್ಲ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಆ ಭಾಷೆಯ ಕವಿತೆಗಳನ್ನು ‘ಇಂಗ್ಲಿಷ್ ಗೀತಗಳು’ ಎಂದು ಕನ್ನಡಕ್ಕೆ ತಂದು, ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದರು. ಆಲ್‌ಫ್ರೆಡ್ ದೊರೆ ತನ್ನ ಜನಕ್ಕಾಗಿ ಮಾಡಿದುದೂ ಇಂಥ ಕೆಲಸವನ್ನೇ.

ಇಂಗ್ಲಿಷನ್ನು ಕಲಿಯುವಾಗ ಅದರ ಈ ಚರಿತ್ರೆಯನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಪರಭಾಷೆಯನ್ನು ಕಲಿಯದಿರುವುದು ನಷ್ಟವೆಂಬ ಟ್ರೆವೀಸಾನ ಮಾತು ಇಂದಿಗೂ ಸಲ್ಲುತ್ತದೆ. ಆದರೆ ಯಾವ ಭಾಷೆಯೂ ಹುಟ್ಟಿನಿಂದ ಹಿರಿದಲ್ಲ, ಹುಟ್ಟಿನಿಂದ ಕಿರಿದಲ್ಲ. ಆಡುವವರು ಕೈಬಿಡದೆ ಬಳಸಿದರೆ, ಬಲ್ಲವರು ಅದರಲ್ಲಿ ಬರೆದರೆ, ಅರಮನೆಯ ಹೊರಗೆ ನಿಂತ ನುಡಿಯೂ ಒಳಗೆ ಬಂದು ಕೂರುತ್ತದೆ.