ಒಂದು ರಾತ್ರಿ ಉಳಿದು ಹೋಗು

ದೊಡವಾಡ,
ಚೈತ್ರ ಶುದ್ಧ

ಮಗಳೇ,

ಸೂಟಿಗೆ ಬರುತ್ತೇನೆ, ಈ ಸಲ ಎಲ್ಲರ ಮನೆಗೂ ಹೋಗುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಹಿಗ್ಗಾಯಿತು. ಆಮೇಲೆ ನೀನು ಕಳಿಸಿದ ಪಟ್ಟಿ ನೋಡಿದೆ. ಮುಂಜಾನೆ ಕಿತ್ತೂರು, ಮಧ್ಯಾಹ್ನ ಬೈಲಹೊಂಗಲ, ಸಂಜೆ ಮುನವಳ್ಳಿ, ಮರುದಿನ ರಾಮದುರ್ಗ ಮುಗಿಸಿ ರಾತ್ರಿ ಧಾರವಾಡದಲ್ಲಿ ರೈಲು. ಕಾರು ಮಾಡಿಕೊಂಡರೆ ಆಗದ ಮಾತೇನಲ್ಲ. ಆದರೆ ಹಾಗೆ ಬಂದರೆ ಎಲ್ಲರ ಮನೆಯ ಚಹಾ ಕುಡಿದಿರುತ್ತೀ, ಯಾರ ಜೊತೆಗೂ ಮಾತಾಡಿರುವುದಿಲ್ಲ. ಅದಕ್ಕೇ ಈ ಪತ್ರ. ಊರು ಬಿಟ್ಟು ದುಡಿಯುವ ಮಕ್ಕಳು ಈಗ ಮನೆಮನೆಯಲ್ಲೂ ಇದ್ದಾರೆ. ಅವರೂ ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ.

ಒಬ್ಬೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿ. ಬೇಸಿಗೆಯ ಹಗಲು ಯಾರಿಗೂ ಬಿಡುವಿರುವುದಿಲ್ಲ. ಗಂಡಸರು ಹೊಲ ಹರಗಲು ಹೋಗಿರುತ್ತಾರೆ. ಹೆಂಗಸರು ವರ್ಷಕ್ಕಾಗುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ, ಖಾರಪುಡಿ ಮಾಡಿ ತುಂಬಿಡುವ ಗಡಿಬಿಡಿಯಲ್ಲಿರುತ್ತಾರೆ. ಹಗಲು ಬಂದವರಿಗೆ ಉಪ್ಪಿಟ್ಟು ಕೊಟ್ಟು ಕ್ಷೇಮ ಕೇಳುತ್ತಾರೆ, ಕಣ್ಣು ಮಾತ್ರ ಒಣಹಾಕಿದ ಸಂಡಿಗೆಯ ಮೇಲೆಯೇ. ಊಟವಾಗಿ, ಮುಸುರೆ ತೊಳೆದು, ಮಾಳಿಗೆಯ ಮೇಲೆ ಕೌದಿ ಹಾಸಿ ಅಡ್ಡಾದ ಮೇಲೆ ಮನೆಯ ನಿಜವಾದ ಮಾತು ಹೊರಡುತ್ತದೆ. ಯಾರ ಮದುವೆ ಯಾಕೆ ತಪ್ಪಿತು, ಸಾಲ ಹೇಗೆ ತೀರಿತು, ನಿಮ್ಮಪ್ಪ ಸಾಲಿ ತಪ್ಪಿಸಿ ಎಲ್ಲಿ ಹೋಗುತ್ತಿದ್ದ, ಎಲ್ಲವೂ ಆಗ.

ಕಿತ್ತೂರಿನಲ್ಲಿ ಸೋದರಮಾವನ ಮನೆ ಇದೆ, ಅಲ್ಲಿ ನಾನು ಹೇಳಿಕೊಡಬೇಕಾದ್ದು ಏನಿಲ್ಲ. ಮಾವ ಕೋಟೆಗೆ ಕರೆದೊಯ್ದೇ ಒಯ್ಯುತ್ತಾರೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಅಲ್ಲೇ. ಆದರೆ ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು ಅಷ್ಟಕ್ಕೇ ಮುಗಿಸಬೇಡ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಗೆ ಬಿತ್ತು, ರಾಣಿ ಚೆನ್ನಮ್ಮ ಸೆರೆಯಾದಳು. ಬೈಲಹೊಂಗಲದ ಸೆರೆಯಲ್ಲೇ ವರ್ಷಗಳನ್ನು ಕಳೆದು 1829ರ ಫೆಬ್ರುವರಿಯಲ್ಲಿ ಕಣ್ಣುಮುಚ್ಚಿದಳು. ಅವಳ ಸಮಾಧಿ ಬೈಲಹೊಂಗಲದಲ್ಲಿದೆ, ಹೋಗಿ ಕೈಮುಗಿದು ಬಾ.

ಅದೇ ಊರಿನಲ್ಲಿ ನಿಮ್ಮಪ್ಪನಿಗೆ ಕಲಿಸಿದ ಮಾಸ್ತರರಿದ್ದಾರೆ. ಫೋನ್ ಮಾಡಿದರೆ ಅವರಿಗೆ ಕೇಳಿಸುವುದಿಲ್ಲ. "ಹೂಂ, ಹೂಂ" ಎಂದು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಎದುರಿಗೆ ಕೂತು ಜೋರಾಗಿ ಮಾತಾಡಿದರೆ ನಿಮ್ಮಪ್ಪನ ಅಕ್ಷರ ಹೇಗಿತ್ತು ಎಂಬುದರಿಂದ ಶುರುಮಾಡುತ್ತಾರೆ.

ಈಗ ನಿನ್ನ ಸೋದರತ್ತೆಯ ಮಾತು. ಪಟ್ಟಿಯಲ್ಲಿ ಮುನವಳ್ಳಿಗೆ ಒಂದು ತಾಸು ಇಟ್ಟಿದ್ದೀ. ನಾನಾದರೆ ಎರಡು ರಾತ್ರಿ ಇಡುತ್ತಿದ್ದೆ. ಹೊಲದ ಪಾಲಾಗುವಾಗ ಹಕ್ಕುಬಿಡುಗಡೆ ಪತ್ರಕ್ಕೆ ಆಕೆಯ ಸಹಿ ತೆಗೆದುಕೊಂಡರು. ಆಕೆ ಹಾಕಿಕೊಟ್ಟಳು, ಜಗಳ ಮಾಡಲಿಲ್ಲ. ಆದರೆ ಅಂದಿನಿಂದ ತವರಿನ ಹೊಸ್ತಿಲು ತುಳಿದಿಲ್ಲ. ಪಂಚಮಿಗೂ ಬರುವುದಿಲ್ಲ, ಇಲ್ಲಿಂದ ಕರೆಯಲು ಹೋಗುವವರೂ ಕಡಿಮೆಯಾದರು. ಮಗಳಿಗೂ ಮಗನಷ್ಟೇ ಪಾಲೆಂದು 2005ರಲ್ಲಿ ಕಾಯ್ದೆ ತಿದ್ದಿದರು. ಅದಾದ ಮೇಲೂ ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ತವರು ಉಳಿಯಲೆಂದು ಸಹಿ ಹಾಕುತ್ತಾರೆ. ಸಹಿಯಾದ ಮೇಲೆ ತವರು ಉಳಿಯುವುದು ಮಾತ್ರ ಆ ಮನೆಯವರ ನಡತೆಯ ಮೇಲೆ. ನೀನು ಆ ಮನೆಯ ಮಗಳು, ಹೋಗಿ ಅತ್ತೆಯ ಕಾಲಿಗೆ ಬಿದ್ದು "ಉಳಿಯಾಕ ಬಂದೀನಿ" ಅನ್ನು. ಹೊಲದ ವಿಷಯ ನೀನಾಗಿ ತೆಗೆಯಬೇಡ. ಆಕೆ ತೆಗೆದರೆ ಪೂರ್ತಿ ಕೇಳು, ಅಪ್ಪನ ಪರ ವಕೀಲಿ ಮಾಡಬೇಡ, ಆಡಿದ ಮಾತನ್ನು ಇಲ್ಲಿಗೆ ಹೊತ್ತು ತರಬೇಡ. ನಾಳೆ ನಿನ್ನ ಮುಂದೆಯೂ ಯಾರಾದರೂ ಕಾಗದ ಇಟ್ಟಾರು. ಓದದೆ, ತಿಳಿದವರನ್ನು ಕೇಳದೆ, ಊಟಕ್ಕೆ ಕರೆದ ಮನೆಯಲ್ಲಿ ಕೂತು ಸಹಿ ಹಾಕಬೇಡ.

ಅತ್ತೆಯನ್ನೂ ಕರೆದುಕೊಂಡು ನವಿಲುತೀರ್ಥಕ್ಕೆ ಹೋಗು. ಮಲಪ್ರಭೆಗೆ ಅಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಜನ ಹೊಸ ಜಾಗದಲ್ಲಿ ಮನೆ ಹೂಡಿದರು. ಬೇಸಿಗೆಯಲ್ಲಿ ನೀರು ಇಳಿದಿರುತ್ತದೆ. ಯಾವ ದಿಕ್ಕಿಗೆ ಯಾವ ಊರಿತ್ತು ಎಂದು ಆಕೆ ಕೈಮಾಡಿ ತೋರಿಸುತ್ತಾಳೆ. ಯಲ್ಲಮ್ಮನ ಗುಡ್ಡಕ್ಕೂ ಹೋಗಿಬನ್ನಿ, ದವನದ ಹುಣ್ಣಿಮೆಯ ಆಸುಪಾಸು ಮಾತ್ರ ಬೇಡ. ಆಗ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ.

ಹೌದು, ಕಾರಿನ ಮಾತು ಬಿಟ್ಟು ಕೆಂಪು ಬಸ್ಸು ಹತ್ತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ದುಡ್ಡು ಉಳಿಯುತ್ತದೆಂದು ಹೇಳುತ್ತಿಲ್ಲ. ಈ ಯೋಜನೆ ಬಂದ ಮೇಲೆ ಎಷ್ಟೋ ಹೆಂಗಸರು ಗಂಡನ ಕಿಸೆ ಕೇಳದೆ ಅಕ್ಕತಂಗಿಯರ ಮನೆಗೆ ಹೋಗಿಬರುತ್ತಿದ್ದಾರೆ. ಅವರ ಪಕ್ಕದಲ್ಲಿ ಕೂತು ಬಂದರೆ ನಮ್ಮ ನಾಲ್ಕು ತಾಲ್ಲೂಕು ಹೇಗೆ ಬೀಗತನದಿಂದ ಹೆಣೆದುಕೊಂಡಿವೆ ಎಂಬುದು ನಿನಗೇ ತಿಳಿಯುತ್ತದೆ.

ರಾಮದುರ್ಗದ ಮನೆ ನೆಂಟರದ್ದಲ್ಲ. ನಿಮ್ಮ ಆಯಿಯ ಗೆಳತಿಯದು, ನೇಕಾರರ ಮನೆ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ನುಗ್ಗಿದಾಗ ಮಗ್ಗದ ಕುಣಿಯಲ್ಲಿ ಕೆಸರು ತುಂಬಿತ್ತು. ಇಲ್ಲಿಂದ ರೊಟ್ಟಿ ಗಂಟು, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದವಳು ನಿಮ್ಮ ಆಯಿ. ಈಗ ಆಯಿ ಇಲ್ಲ, ಆ ದಾರಿಯಲ್ಲಿ ನೀನು ಹೋಗಬೇಕು. ಆ ಗೆಳತಿ ಅಜ್ಜಿಯ ತಂದೆ ರಾಮದುರ್ಗವನ್ನು ಆಳುತ್ತಿದ್ದ ಭಾವೆಯವರ ಸಂಸ್ಥಾನದ ಕಾಲದವರು, 1939ರ ಏಪ್ರಿಲಿನಲ್ಲಿ ಜನ ದಂಗೆಯೆದ್ದದ್ದನ್ನು ಕಂಡವರು. ಅವರಿಂದ ಕೇಳಿದ್ದನ್ನು ಹೇಳುವವರು ಆ ಮನೆಯಲ್ಲಿ ಈಗ ಅಜ್ಜಿಯೊಬ್ಬಳೇ. ಕೇಳು, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೋ.

ಬರಿಗೈಯಲ್ಲಿ ಯಾರ ಮನೆಗೂ ಹೋಗಬೇಡ. ಧಾರವಾಡದಲ್ಲಿ ಇಳಿದಾಗ ಪೇಡೆ ಕಟ್ಟಿಸಿಕೋ, ಮಾಸ್ತರರಿಗೆ ಸಕ್ಕರೆ ಕಾಯಿಲೆ, ಅವರಿಗೆ ಹಣ್ಣು. ಹೊರಡುವಾಗ ಉಡಿ ತುಂಬಿದರೆ ಸೆರಗೊಡ್ಡು. ಕೊಟ್ಟ ಕುಪ್ಪಸದ ಖಣ ಯಾವ ಬಣ್ಣದ್ದಾದರೂ ಕಣ್ಣಿಗೆ ಒತ್ತಿಕೋ.

ಇಲ್ಲಿ ಸೀಕರಣಿಗೆ ಹಣ್ಣು ಅಡಿ ಹಾಕಿದ್ದೇನೆ. ಮೊದಲು ಮುನವಳ್ಳಿಗೆ ಹೋಗು, ದೊಡವಾಡಕ್ಕೆ ಕೊನೆಗೆ ಬಾ. ಅತ್ತೆ ಜೊತೆಗೆ ಬರುತ್ತೇನೆಂದರೆ ಎಷ್ಟು ಹೊತ್ತಾದರೂ ಸರಿ, ಬಸ್ಸು ಹತ್ತುವ ಮೊದಲು ನನಗೊಂದು ಫೋನ್ ಮಾಡು.

ನಿನ್ನ
ದೊಡ್ಡವ್ವ