ಸಕ್ಕರೆಯಿಲ್ಲದ ಪುಡಿಂಗು

ಮೈ ದಪ್ಪವಾಗಬಾರದು, ನಾಲಿಗೆಯ ಸಿಹಿಯೂ ತಪ್ಪಬಾರದು! ಈ ಇಬ್ಬಗೆಯ ಆಸೆಯಿಂದ ಕಳೆದ ಶತಮಾನದ ಅಮೆರಿಕದ ಗೃಹಿಣಿಯರು ಹೊಸಬಗೆಯ ಪುಡಿಂಗನ್ನು ಮಾಡತೊಡಗಿದರು. ಪುಡಿಂಗೆಂದರೆ ನಮ್ಮ ಗಿಣ್ಣಿನಂತೆ ಮೆತ್ತಗೆ ನಡುಗುವ ಸಿಹಿತಿಂಡಿ. 1918ರಲ್ಲಿ ಲೂಲೂ ಹಂಟ್ ಪೀಟರ್ಸ್ ಎಂಬ ವೈದ್ಯೆ ತಮ್ಮ ಪುಸ್ತಕದ ಮೂಲಕ ಊಟವನ್ನು ಕ್ಯಾಲೊರಿಗಳಲ್ಲಿ ಎಣಿಸುವುದನ್ನು ಜನಸಾಮಾನ್ಯರಿಗೆ ಕಲಿಸಿದರು. ಅಡಿಗೆಮನೆಗೆ ಲೆಕ್ಕ ಹೊಕ್ಕಿತು.

ಲೆಕ್ಕವೇನೂ ಕಠಿನವಲ್ಲ. ನಾಲ್ವರಿಗೆ ಅರ್ಧ ಲೀಟರ್ ಹಾಲು, 60 ಗ್ರಾಂ ಸಕ್ಕರೆ, 3 ದೊಡ್ಡ ಚಮಚ ಕಾರ್ನ್‌ಫ್ಲೋರ್ ಎನ್ನೋಣ. ಗ್ರಾಮಿಗೆ 4ರಂತೆ ಸಕ್ಕರೆಯಿಂದಲೇ 240 ಕ್ಯಾಲೊರಿ. ಹಾಲಿನ ಕೊಬ್ಬಿನಿಂದ ಇನ್ನೂ ಸುಮಾರು 150. ಇವೆರಡನ್ನೂ ಕಳೆಯಬೇಕು. ಆದುದರಿಂದ ಕೆನೆ ತೆಗೆದ ಹಾಲಿಗೆ ಹಿಟ್ಟು ಕಲಸಿ, ಗಂಟಾಗದಂತೆ ಕಾಯಿಸಿ, ಇಳಿಸಿದ ಮೇಲೆ ಸ್ಯಾಕರೀನ್ ಮತ್ತು ವೆನಿಲ್ಲಾ ಬೆರೆಸಿ ತಣಿಸುತ್ತಿದ್ದರು.

ಸ್ಯಾಕರೀನ್ ಸಿಕ್ಕಿದ್ದೇ ಆಕಸ್ಮಿಕ. 1879ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಿಂದ ಬಂದು ಉಣ್ಣಲು ಕುಳಿತ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞರಿಗೆ ರೊಟ್ಟಿ ಸಿಹಿಯೆನಿಸಿತು. ಕೈಗೆ ಅಂಟಿದ್ದ ವಸ್ತು ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ! ಆದರೆ ನುಂಗಿದ ಮೇಲೆ ನಾಲಿಗೆಯಲ್ಲಿ ಕಹಿ ಉಳಿಯುತ್ತದೆ. ಅದನ್ನು ಮರೆಸಲು ಮುಂದೆ ಸೈಕ್ಲಮೇಟ್ ಕೂಡಿಸಿದರು. 1969ರಲ್ಲಿ ಅಮೆರಿಕ ಸರಕಾರ ಅದನ್ನು ಆಹಾರದಲ್ಲಿ ನಿಷೇಧಿಸಿತು.

ಹೊಟ್ಟೆ ತುಂಬಿದವರ ವಿದ್ಯೆಯೆಂದು ನಗುವುದು ಸುಲಭ. ಆದರೂ ಆ ಕಹಿಯನ್ನು ನುಂಗಿಯಾದರೂ ಸಿಹಿ ಬಯಸಿದವರ ಮೇಲೆ ನನಗೆ ಕನಿಕರವೇ ಹೆಚ್ಚು.

ಬೆಲ್ಲವನ್ನು ಹಬ್ಬಕ್ಕೆಂದು ಡಬ್ಬಿಯಲ್ಲಿ ಬಚ್ಚಿಡುವ ನಮ್ಮವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿ, "ತಗದ ಕೆನಿ ಏನ್ ಮಾಡಿದ್ರೋ?" ಎಂದಳು.