ಸ್ವಿಚ್ ಬೋರ್ಡಿನಿಂದ ಮೊಬೈಲ್ ಪರದೆಗೆ

ಒಂಬತ್ತನೇ ತರಗತಿಗೆ ಬಳಕೆದಾರ ಸ್ನೇಹಿ ವಿನ್ಯಾಸದ ಪಾಠ. ಪೀಠಿಕೆಗೆ ಕೊಠಡಿಯ ಸ್ವಿಚ್ ಬೋರ್ಡನ್ನೇ ಬಳಸಿದೆ. ಮುಂದಿನ ಫ್ಯಾನ್ ಹಾಕಲು ಬಂದ ವಿದ್ಯಾರ್ಥಿನಿ ಮೂರು ಸ್ವಿಚ್ ಒತ್ತಿ, "ನನಗೆ ಗೊತ್ತಾಗಲ್ಲ ಮಿಸ್" ಎಂದು ತಲೆ ತಗ್ಗಿಸಿದಳು. ತಪ್ಪು ನಿನ್ನದಲ್ಲ, ಬೋರ್ಡಿನದು ಎಂದೆ. ಬಳಸುವವರು ತಮ್ಮನ್ನೇ ದೂರಿಕೊಳ್ಳುತ್ತಾರೆ, ದೋಷ ವಿನ್ಯಾಸದಲ್ಲಿರುತ್ತದೆ ಎಂದು ಡೊನಾಲ್ಡ್ ನಾರ್ಮನ್ 1988ರ ಪುಸ್ತಕದಲ್ಲಿ ವಿವರಿಸಿದ್ದಾರೆ.

ಚರ್ಚೆಯಿಂದ ಕಪ್ಪುಹಲಗೆಗೆ ಬಂದ ತತ್ವಗಳು:

1. ಸ್ವಿಚ್‌ಗಳ ಕ್ರಮ ಫ್ಯಾನ್‌ಗಳ ಕ್ರಮಕ್ಕೆ ಹೊಂದಬೇಕು.
2. ಒತ್ತಿದ್ದು ತಕ್ಷಣ ತಿಳಿಯಬೇಕು. ಮೊಬೈಲಿನಲ್ಲಿ ಗುಂಡಿಯ ಬಣ್ಣ ಬದಲಾಗುವಂತೆ.
3. ತಪ್ಪಿದರೆ ಹಿಂದಿರುಗುವ ದಾರಿ ಬೇಕು. ಅಳಿಸುವ ಮುನ್ನ ಪರದೆ ಕೇಳುವಂತೆ.

ಮೌಲ್ಯಮಾಪನಕ್ಕೆ ಬೋರ್ಡನ್ನು ಹೊಸದಾಗಿ ಬಿಡಿಸಲು ಹೇಳಿದೆ. ಆ ಹುಡುಗಿಯ ಚಿತ್ರದಲ್ಲಿ ಸ್ವಿಚ್‌ಗಳು ಫ್ಯಾನ್‌ಗಳಿದ್ದ ಕ್ರಮದಲ್ಲೇ ಇದ್ದವು.